ಥಾರ್ ಮರುಭೂಮಿಯ ಹಳ್ಳಿ ಟೀ ಹೋಟೆಲಿಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ರಾಜಾಜಿನಗರದ ಮಗಳು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಅಮ್ಮನ ಜೊತೆ ಜೈಸಲ್ಮೇರ್‌ಗೆ ಹೋಗಬೇಕು ಅಂತಿದ್ದೇನೆ. ಅಮ್ಮನಿಗೆ 64 ವರ್ಷ. ಮಂಡಿ ನೋವು ಬಿಟ್ಟರೆ ಗಟ್ಟಿಯಾಗಿದ್ದಾರೆ.

ಕೋಟೆ, ಹವೇಲಿ ನೋಡೋದು ಇದ್ದೇ ಇದೆ. ಅಮ್ಮನ ಆಸೆ ಬೇರೆ. ಮರಳುಗಾಡಿನ ನಡುವೆ ಒಂದು ಪುಟ್ಟ ಹಳ್ಳಿ, ಅಲ್ಲಿ ಮಣ್ಣಿನ ಗೋಡೆಯ ಒಂದು ಟೀ ಹೋಟೆಲು. ಅಲ್ಲಿ ಅರ್ಧ ದಿನ ಕೂತು ಊರಿನವರ ಜೊತೆ ಮಾತಾಡಬೇಕಂತೆ. ಯಾವುದೋ ವಿಡಿಯೋದಲ್ಲಿ ನೋಡಿದಾಗಿನಿಂದ ಅದನ್ನೇ ಹೇಳುತ್ತಿದ್ದಾರೆ. ಜೋರು ಹಾಡು ಹಾಕಿ, ಟೆಂಟಿನಲ್ಲಿ ಡ್ಯಾನ್ಸ್ ಮಾಡಿಸುವ ಕ್ಯಾಂಪು ಇಬ್ಬರಿಗೂ ಬೇಡ.

ಇಂಥ ಜಾಗ ನಿಜವಾಗಲೂ ಸಿಗುತ್ತದಾ? ಯಾವ ಕಡೆ ಹುಡುಕಬೇಕು? ಅಲ್ಲಿ ಊಟ ಅಮ್ಮನಿಗೆ ಒಗ್ಗುತ್ತದಾ? ಸುಮ್ನೆ ಹೋಗಿ ಕೂತುಬಿಟ್ಟರೆ ಅವರಿಗೆ ತೊಂದರೆ ಆಗುವುದಿಲ್ವಾ? ಹೋಗಿ ಬಂದವರು ಹೇಳಿ, ಪ್ಲೀಸ್.

ಬನಶಂಕರಿ ಬುಲೆಟ್:

ದಾರಿ ಬಗ್ಗೆ ನಾನು ಹೇಳುತ್ತೇನೆ, ಮಿಕ್ಕಿದ್ದು ಬೇರೆಯವರು ಹೇಳಲಿ.

ಬೆಂಗಳೂರಿನಿಂದ ಜೋಧ್‌ಪುರಕ್ಕೆ ನೇರ ರೈಲು ಇದೆ. ಹುಬ್ಬಳ್ಳಿ, ಪುಣೆ, ಅಹಮದಾಬಾದ್ ಮೇಲೆ ಹೋಗುತ್ತದೆ. ದಿನಾ ಇಲ್ಲ, ವಾರದಲ್ಲಿ ಕೆಲವು ದಿನ ಮಾತ್ರ. ರೈಲಲ್ಲೇ ಎರಡು ರಾತ್ರಿ ಕಳೆಯಬೇಕು. ಈಗ ಬುಕಿಂಗ್ ತೆರೆಯುವುದು 60 ದಿನ ಮೊದಲು. ಡಿಸೆಂಬರ್ ಕೊನೆಯ ವಾರ ಅಂದರೆ ತೆರೆದ ದಿನವೇ ಲೋಯರ್ ಬರ್ತ್ ಹಿಡಿಯಿರಿ, ಮಂಡಿ ನೋವಿದ್ದವರಿಗೆ ಬೇರೆ ದಾರಿ ಇಲ್ಲ. ಜೋಧ್‌ಪುರದಿಂದ ಜೈಸಲ್ಮೇರ್‌ಗೆ ರಾತ್ರಿ ರೈಲೂ ಇದೆ, ಬಸ್ಸೂ ಇದೆ. ರಸ್ತೆಯಲ್ಲಿ ಸುಮಾರು 280 ಕಿ.ಮೀ.

ಜೈಸಲ್ಮೇರ್‌ನಿಂದ ಮರಳು ದಿಬ್ಬಗಳಿಗೆ ಹೋಗುವವರಲ್ಲಿ ಹೆಚ್ಚಿನವರು ಪಶ್ಚಿಮಕ್ಕೆ ಸಮ್ ಕಡೆ ಹೋಗುತ್ತಾರೆ. ಸುಮಾರು 40 ಕಿ.ಮೀ. ನೀವು ಬೇಡ ಅಂದ ಕ್ಯಾಂಪುಗಳೆಲ್ಲ ಅಲ್ಲೇ ಜಾಸ್ತಿ. ನೈಋತ್ಯಕ್ಕೆ ಖುರಿ ಅನ್ನೋ ಹಳ್ಳಿ ಇದೆ, 45-50 ಕಿ.ಮೀ. ಆಗುತ್ತದೆ. ಅಲ್ಲಿ ಇನ್ನೂ ಮಣ್ಣಿನ ಮನೆಗಳಿವೆ, ಗದ್ದಲ ಕಡಿಮೆ. ಬಸ್ಸು ಕಡಿಮೆ, ಆದ್ದರಿಂದ ಟ್ಯಾಕ್ಸಿ ಮಾಡಿಕೊಳ್ಳಿ. ಹೋಗುವಾಗ ಕುಲ್ಧರಾ ನೋಡಿಕೊಂಡು ಹೋಗಬಹುದು. ಪಾಲಿವಾಲ ಬ್ರಾಹ್ಮಣರು 19ನೇ ಶತಮಾನದ ಹೊತ್ತಿಗೆ ಬಿಟ್ಟು ಹೋದ ಊರು. ದೆವ್ವದ ಕಥೆ ಹೇಳುವ ಗೈಡ್‌ಗಳು ಸುತ್ತಿಕೊಳ್ಳುತ್ತಾರೆ. ಕಥೆ ಪಕ್ಕಕ್ಕಿಟ್ಟು ಆ ಬೀದಿ, ಮನೆ ಕಟ್ಟಿದ ಅಚ್ಚುಕಟ್ಟು ನೋಡಿ.

ಬೆಚ್ಚನೆ ಬಟ್ಟೆ ಮರೆಯಬೇಡಿ. ಹಗಲು ಹಿತವಾದ ಬಿಸಿಲು ಇರುತ್ತದೆ, ರಾತ್ರಿ ಕೈ ಮರಗಟ್ಟುತ್ತದೆ.

ಗಾಂಧಿ ಬಜಾರ್ ಹೋಟೆಲಿನವನು:

ನಿಮ್ಮ ಅಮ್ಮನ ಆಸೆ ಓದಿ ಬಹಳ ಖುಷಿಯಾಯಿತು. ಖಂಡಿತ ಕರೆದುಕೊಂಡು ಹೋಗಿ.

ಗಾಂಧಿ ಬಜಾರ್ ಪಕ್ಕದ ರಸ್ತೆಯಲ್ಲಿ ನಮ್ಮದೊಂದು ಸಣ್ಣ ತಿಂಡಿ ಹೋಟೆಲು. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಹಾಗಾಗಿ ಎಲ್ಲಿಗೆ ಹೋದರೂ ನನ್ನ ಕಣ್ಣು ಮೊದಲು ಒಲೆ, ಹಾಲು, ಲೋಟ ತೊಳೆಯುವ ಜಾಗ ಇವುಗಳ ಮೇಲೆ ಹೋಗುತ್ತದೆ. ಖುರಿ ರಸ್ತೆಯಲ್ಲಿ ಒಂದು ಟೀ ಹೋಟೆಲಿನಲ್ಲಿ ನಾನೂ ಹೆಂಡತಿಯೂ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಕೂತಿದ್ದೆವು. ಬೋರ್ಡು ಇಲ್ಲ, ಹೆಸರೂ ಇಲ್ಲ. ಯಜಮಾನರನ್ನು ಎಲ್ಲರೂ ಕಾಕಾಸಾ ಅಂತ ಕರೆಯುತ್ತಾರೆ. ನಾವೂ ಹಾಗೇ ಕರೆದೆವು.

ಒಂದು ದುಂಡನೆ ಗುಡಿಸಲು, ಅದರ ಪಕ್ಕ ಒಂದು ಚಪ್ಪರ, ಎರಡು ಹಗ್ಗದ ಮಂಚ. ಗೋಡೆಗೆ ಮಣ್ಣು ಮತ್ತು ಸಗಣಿ ಸೇರಿಸಿ ಬಳಿದಿದ್ದಾರೆ, ಮೇಲೆ ಹುಲ್ಲಿನ ಸೂರು. ಆ ಹೊದಿಕೆಗೆ ಅಲ್ಲೇ ಬೆಳೆಯುವ ಖೀಂಪ್ ಅನ್ನೋ ಗಿಡದ ಕಡ್ಡಿ ಬಳಸುತ್ತಾರೆ. ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಹೊರಗೆ ಎಷ್ಟೇ ಗಾಳಿ ಬೀಸಿದರೂ ಒಳಗೆ ಒಲೆ ಉರಿ ಅಲ್ಲಾಡುವುದಿಲ್ಲ. ಸೌದೆ ನಮ್ಮ ಬಳ್ಳಾರಿ ಜಾಲಿಯದೇ. ಆ ಕಡೆಯೂ ಅದು ಎಲ್ಲೆಲ್ಲೂ ಹಬ್ಬಿಕೊಂಡಿದೆ.

ನಾನು ಅಲ್ಲಿಂದ ಎದ್ದು ಬರದಂತೆ ಮಾಡಿದ್ದು ಪಾತ್ರೆ ತೊಳೆಯುವ ರೀತಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಅಮ್ಮ ಇದನ್ನು ಖಂಡಿತ ನೋಡಬೇಕು.

ಕಾಕಾಸಾ ಅವರ ಸೊಸೆ ಮಸಿ ಹಿಡಿದ ಒಂದು ಹಿತ್ತಾಳೆ ಪಾತ್ರೆ ತಂದರು. ಚಪ್ಪರದ ಆಚೆ ಒಂದು ಮೂಲೆಯಲ್ಲಿ ಸಣ್ಣ ಮರಳಿನ ಗುಡ್ಡೆ. ಅದು ಪಾತ್ರೆಗೆಂದೇ ಜರಡಿ ಹಿಡಿದಿಟ್ಟ ಮರಳು, ಅದರ ಮೇಲೆ ಯಾರೂ ಕಾಲಿಡುವುದಿಲ್ಲ. ಎರಡು ಬೊಗಸೆ ಮರಳು ಪಾತ್ರೆಗೆ ಹಾಕಿದರು. ಅಂಗೈ ಊರಿ ತಳದಿಂದ ಕಂಠದವರೆಗೆ ಸುತ್ತ ತಿಕ್ಕಿದರು. ಜಿಡ್ಡು ಹೀರಿ ಮರಳು ಕಪ್ಪಾಯಿತು. ಅದನ್ನು ಚೆಲ್ಲಿ ಹೊಸ ಮರಳು ಹಾಕಿ ಇನ್ನೊಂದು ಸಲ. ಆಮೇಲೆ ಒಣ ಬಟ್ಟೆಯಿಂದ ಒರೆಸಿ ಬಿಸಿಲಿಗೆ ಬೋರಲು ಹಾಕಿದರು. ಒಂದು ಹನಿ ನೀರು ಇಲ್ಲ. ನಾನು ಹತ್ತಿರ ಹೋಗಿ ಮೂಸಿ ನೋಡಿದೆ, ಹಾಲಿನ ವಾಸನೆ ಕೂಡ ಉಳಿದಿರಲಿಲ್ಲ. ನಮ್ಮ ಹೋಟೆಲಿನಲ್ಲಿ ಅಷ್ಟು ದೊಡ್ಡ ಪಾತ್ರೆಗೆ ಬಕೆಟ್ ನೀರು ಹೋಗುತ್ತದೆ.

ಲೋಟಗಳಿಗೆ ಮಾತ್ರ ನೀರು. ಒಂದು ಲೋಟಕ್ಕೆ ಕಾಲು ಭಾಗ ನೀರು ಹಾಕಿ ಅಲ್ಲಾಡಿಸುತ್ತಾರೆ. ಅದೇ ನೀರು ಎರಡನೇ ಲೋಟಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಕೊನೆಗೆ ಶುದ್ಧ ನೀರಿನಲ್ಲಿ ಒಂದೊಂದನ್ನೂ ಒಂದು ಸಲ. ಉಳಿದ ನೀರು ಆಡಿನ ಮರಿಗಳ ಬಾನಿಗೆ ಹೋಗುತ್ತದೆ.

ನೀರು ಬರುವುದು ಟಾಂಕಾದಿಂದ. ಟಾಂಕಾ ಅಂದರೆ ನೆಲದೊಳಗೆ ದುಂಡಗೆ ತೋಡಿ ಗಾರೆ ಮಾಡಿದ ತೊಟ್ಟಿ. ಸುತ್ತ ನೆಲವನ್ನು ತೊಟ್ಟಿಯ ಕಡೆಗೆ ಇಳಿಜಾರು ಮಾಡಿ ಗಟ್ಟಿಯಾಗಿ ಬಡಿದಿರುತ್ತಾರೆ. ಮಳೆ ಬಿದ್ದರೆ ನೀರು ಅದರ ಮೇಲೆ ಹರಿದು ಒಳಗೆ ಇಳಿಯುತ್ತದೆ. ಆ ಇಳಿಜಾರಿನ ಮೇಲೆ ಚಪ್ಪಲಿ ಹಾಕಿಕೊಂಡು ಯಾರೂ ನಡೆಯುವುದಿಲ್ಲ, ದನ ಕರು ಬಿಡುವುದಿಲ್ಲ. ನೀವೂ ನಡೆಯಬೇಡಿ. ಮೇಲಿನ ಮುಚ್ಚಳಕ್ಕೆ ಬೀಗ.

ಅಲ್ಲಿಂದ ಬಂದ ಮೇಲೆ ನಾನು ಒಂದು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಜೈಸಲ್ಮೇರ್ ಕಡೆ ವರ್ಷಕ್ಕೆ 200 ಮಿಲಿಮೀಟರ್ ಕೂಡ ಬೀಳುವುದಿಲ್ಲ. ಬೆಂಗಳೂರಿನಲ್ಲಿ 900 ದಾಟುತ್ತದೆ. ನಮ್ಮ 30-40 ಸೈಟು, ಅಂದರೆ 1200 ಚದರಡಿ, ಸುಮಾರು 111 ಚದರ ಮೀಟರ್. ಅಷ್ಟು ಜಾಗಕ್ಕೆ ನಮ್ಮಲ್ಲಿ ವರ್ಷಕ್ಕೆ ಒಂದು ಲಕ್ಷ ಲೀಟರ್ ಹತ್ತಿರ ಬೀಳುತ್ತದೆ. ಅವರಿಗೆ ಅಷ್ಟೇ ಜಾಗದಲ್ಲಿ 20 ಸಾವಿರ ಬಿದ್ದರೆ ಹಬ್ಬ. ಅಷ್ಟರಲ್ಲಿ ಮನೆ, ಹೋಟೆಲು, ಆಡು ಎಲ್ಲ ನಡೆಯಬೇಕು. 2009ರಲ್ಲೇ ಬೆಂಗಳೂರಿನಲ್ಲಿ ಮಳೆ ನೀರು ಹಿಡಿಯುವುದು ಕಡ್ಡಾಯ ಮಾಡಿದರು. ಆದರೂ 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ಗಳು ಬತ್ತಿ, ಎಲ್ಲರೂ ಟ್ಯಾಂಕರ್ ದಾರಿ ಕಾಯುತ್ತಿದ್ದೆವು. ನನಗೆ ಅದು ಇವತ್ತಿಗೂ ಹೊಟ್ಟೆ ಉರಿಯುವ ವಿಷಯ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸುಮ್ನೆ ಹೋಗಿ ಕೂತರೆ ಅವರಿಗೆ ತೊಂದರೆ ಇಲ್ಲ. ಕೂರುವುದಕ್ಕೇ ಆ ಜಾಗ ಇರುವುದು. ಬೆಳಿಗ್ಗೆ ಹೋಗಿ. ಆಗ ಹಾಲು ಕರೆದು ತಂದಿರುತ್ತಾರೆ, ಊರಿನ ಗಂಡಸರು ಬಂದು ಕೂರುತ್ತಾರೆ, ಬಸ್ಸಿಗೆ ಹೋಗುವವರು ಬರುತ್ತಾರೆ, ಮಾತು ತಾನಾಗಿ ಶುರುವಾಗುತ್ತದೆ. ಸಂಜೆ ಆದರೆ ದಿಬ್ಬಕ್ಕೆ ಹೋಗುವ ಜೀಪುಗಳ ಓಡಾಟ, ಯಾರಿಗೂ ಪುರುಸೊತ್ತಿರುವುದಿಲ್ಲ. ಕೂತ ಮೇಲೆ 'ರಾಮ್ ರಾಮ್ ಸಾ' ಅಂದರೆ ಸಾಕು.

ಲೋಟ ಸಣ್ಣದು, ಟೀ ಗಟ್ಟಿ, ಸಕ್ಕರೆ ಜಾಸ್ತಿ. ಶುಂಠಿ ಕುಟ್ಟಿ ಹಾಕಿ ಬಹಳ ಹೊತ್ತು ಕುದಿಸುತ್ತಾರೆ. ಪಾತ್ರೆಗೆ ನೀರು ಒಂದು ಲೋಟ ಹಾಕಿದರೆ ಹಾಲು ಮೂರು ಲೋಟ. ಹಾಲು ಮನೆಯ ಹಸುವಿನದು, ಇಲ್ಲದಿದ್ದರೆ ಆಡಿನದು. ಒಬ್ಬ ಹುಡುಗ ಹಾಲು ಸ್ವಲ್ಪ ಚೆಲ್ಲಿದ, ಯಾರೂ ಏನೂ ಅನ್ನಲಿಲ್ಲ. ಆಮೇಲೆ ಒಬ್ಬರ ಕೈತಾಗಿ ನೀರಿನ ಚೊಂಬು ಉರುಳಿತು, ಕೂತವರೆಲ್ಲ ತಿರುಗಿ ನೋಡಿದರು. ಅದಕ್ಕೇ ಹೇಳುತ್ತೇನೆ, ಕುಡಿಯುವಷ್ಟೇ ನೀರು ಕೇಳಿ, ಲೋಟದಲ್ಲಿ ಬಿಡಬೇಡಿ. ಕೈ ತೊಳೆಯಲು ನಿಮ್ಮ ಬಾಟಲಿ ಬಳಸಿ, ಖಾಲಿ ಬಾಟಲಿ ಜೈಸಲ್ಮೇರ್‌ಗೆ ವಾಪಸ್ ತನ್ನಿ.

ಊಟ ಬೇಕು ಅಂದರೆ ಹಿಂದಿನ ದಿನವೇ ಹೇಳಿ ಕಳಿಸಿ. ನಿಮ್ಮ ಟ್ಯಾಕ್ಸಿಯವರ ಫೋನಿನಿಂದ ಮಾಡಿಸಿದರೆ ಆಯಿತು. ಕಾರಣ ಇದೆ. ಅಲ್ಲಿ ಮುಖ್ಯ ಪಲ್ಯ ಕೇರ್ ಸಾಂಗರಿ. ಎರಡೂ ಒಣಗಿಸಿ ಇಟ್ಟ ಪದಾರ್ಥ. ಕೇರ್ ಅಂದರೆ ಎಲೆಯಿಲ್ಲದ ಒಂದು ಮುಳ್ಳು ಪೊದೆಯ ಕಾಯಿ, ಬಹಳ ಕಹಿ, ಮಜ್ಜಿಗೆಯಲ್ಲೋ ಉಪ್ಪು ನೀರಿನಲ್ಲೋ ದಿನಗಟ್ಟಲೆ ಇಟ್ಟು ಕಹಿ ತೆಗೆದ ಮೇಲೆಯೇ ಒಣಗಿಸುತ್ತಾರೆ. ಸಾಂಗರಿ ಅಂದರೆ ಒಂದು ಮರದ ಎಳೆ ಕಾಯಿ, ಅದನ್ನು ಹಿಂದಿನ ರಾತ್ರಿ ನೆನೆಹಾಕಿ, ಬೇಯಿಸಿ, ಆಮೇಲೆ ಎಣ್ಣೆ, ಒಣಮೆಣಸಿನಕಾಯಿ, ಮಾವಿನ ಪುಡಿ ಹಾಕಿ ಬಾಡಿಸುತ್ತಾರೆ. ಹೊತ್ತು ಹಿಡಿಯುವ ಕೆಲಸ. ಪೇಟೆಯಲ್ಲಿ ಸಾಂಗರಿ ಬೆಲೆ ಬಾದಾಮಿಗೆ ಸಮ ಇರುತ್ತದೆ, ಆದ್ದರಿಂದ ಕೇಳಿದ ದುಡ್ಡು ಕೊಟ್ಟುಬಿಡಿ, ಚೌಕಾಸಿ ಬೇಡ. ಅದರ ಜೊತೆ ಸಜ್ಜೆ ರೊಟ್ಟಿ, ತುಪ್ಪ, ಬೆಲ್ಲ, ಬೆಳ್ಳುಳ್ಳಿ ಚಟ್ನಿ, ಮಜ್ಜಿಗೆ ಹುಳಿಯಂಥ ಕಢಿ. ಎಲ್ಲ ಸಸ್ಯಾಹಾರ. ಖಾರ ಕಡಿಮೆ ಮಾಡಿ ಅಂತ ಮೊದಲೇ ಹೇಳಿ.

ದುಡ್ಡು ನೋಟಿನಲ್ಲಿ ಇಟ್ಟುಕೊಳ್ಳಿ, ಹತ್ತು ಇಪ್ಪತ್ತರ ನೋಟು ಇದ್ದರೆ ಒಳ್ಳೆಯದು. ಸ್ಕ್ಯಾನ್ ಮಾಡುವ ಚೀಟಿ ಅಂಟಿಸಿದ್ದರೂ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ. ನನ್ನ ಹೆಂಡತಿಯನ್ನು ಅವರೇ ಕೈ ಹಿಡಿದು ಅಡುಗೆ ಮನೆಗೆ ಕರೆದುಕೊಂಡು ಹೋದರು, ಗಂಡಸರಿಗೆ ಅಲ್ಲಿ ಪ್ರವೇಶ ಇಲ್ಲ. ನಿಮ್ಮಿಬ್ಬರಿಗೂ ಆ ಭಾಗ್ಯ ಸಿಗುತ್ತದೆ.

ವಿಜಯನಗರದ ಕೊಪ್ಪಳದವಳು:

ಮೇಲಿನವರು ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಸಾಂಗರಿ ಬಿಡುವುದು ನಮ್ಮ ಬನ್ನಿ ಮರದಲ್ಲೇ. ದಸರಾ ದಿನ ನಾವು ಪೂಜೆ ಮಾಡಿ ಎಲೆ ಹಂಚಿಕೊಳ್ಳುತ್ತೇವಲ್ಲ, ಅದೇ ಬನ್ನಿ. ಅಲ್ಲಿ ಅದಕ್ಕೆ ಖೇಜ್ರಿ ಅನ್ನುತ್ತಾರೆ, 1983ರಿಂದ ರಾಜಸ್ಥಾನದ ರಾಜ್ಯ ಮರ. ಎಳೆ ಕಾಯಿ ಪಲ್ಯಕ್ಕೆ, ಸೊಪ್ಪು ಆಡು ಒಂಟೆಗೆ. ಬೇರು ಬಹಳ ಆಳಕ್ಕೆ ಹೋಗುತ್ತದೆ. ಹೊಲದ ನಡುವೆ ಇದ್ದರೂ ಕಡಿಯದೆ, ಅದರ ಸುತ್ತಲೇ ಸಜ್ಜೆ ಬಿತ್ತುತ್ತಾರೆ.

ಜೋಧ್‌ಪುರದಲ್ಲಿ ಅರ್ಧ ದಿನ ಉಳಿದರೆ ಖೇಜಡ್ಲಿಗೆ ಹೋಗಿ ಬನ್ನಿ. ಹತ್ತಿರದಲ್ಲೇ ಇದೆ. 1730ರಲ್ಲಿ ಅರಮನೆಗೆ ಸೌದೆ ಬೇಕೆಂದು ಈ ಮರ ಕಡಿಯಲು ಬಂದಾಗ ಬಿಷ್ಣೋಯಿ ಜನ ಮರ ತಬ್ಬಿಕೊಂಡು ನಿಂತರು. ಮೊದಲು ನಿಂತಿದ್ದು ಅಮೃತಾ ದೇವಿ. 363 ಜನ ಜೀವ ಕೊಟ್ಟರು. ನಾನು ಅಲ್ಲಿ ನಿಂತಾಗ ನಮ್ಮೂರ ಬನ್ನಿಕಟ್ಟೆಯೇ ಕಣ್ಣ ಮುಂದೆ ಬಂತು, ಅಳು ತಡೆಯಲಾಗಲಿಲ್ಲ.

ಊಟದ ಬಗ್ಗೆ ಚಿಂತೆ ಬಿಡಿ. ನಾನು ಸಜ್ಜೆ ರೊಟ್ಟಿ ತಿಂದು ಬೆಳೆದವಳು. ಅಲ್ಲಿ ರೊಟ್ಟಿ ನಮ್ಮದಕ್ಕಿಂತ ದಪ್ಪ, ಕೈಯಲ್ಲೇ ತಟ್ಟಿ ಬೇಯಿಸುತ್ತಾರೆ. ಬಿಸಿ ಇದ್ದಾಗಲೇ ಮುರಿದು ತುಪ್ಪ ಬೆಲ್ಲ ಕಲಸಿ ತಿನ್ನಬೇಕು, ಆರಿದರೆ ಗಟ್ಟಿ. ಅನ್ನ ಬೇಕು ಅನ್ನುವವರಾದರೆ ಮಾತ್ರ ರಾತ್ರಿಗೆ ಜೈಸಲ್ಮೇರ್‌ಗೆ ವಾಪಸ್ ಬನ್ನಿ. ಸಜ್ಜೆ ಹಿಟ್ಟು ಮಜ್ಜಿಗೆ ಹಾಕಿ ಕಾಯಿಸಿದ ರಾಬ್ ಕೊಟ್ಟರೆ ಬೇಡ ಅನ್ನಬೇಡಿ, ಹೊಟ್ಟೆಗೆ ಬಹಳ ಹಿತ.

ರಾಜಾಜಿನಗರದ ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಮರಳಿನಲ್ಲಿ ಪಾತ್ರೆ ತಿಕ್ಕುವ ಜಾಗ ಎರಡು ಸಲ ಓದಿಸಿದರು. ಅವರ ಅಜ್ಜಿ ಬೂದಿಯಲ್ಲಿ ತಿಕ್ಕುತ್ತಿದ್ದರಂತೆ.

ಹೋಟೆಲಿನ ಸರ್, ಇನ್ನೂ ಮೂರು ವಿಷಯ ಕೇಳಬೇಕಿತ್ತು. ಟಾಯ್ಲೆಟ್ ಹೇಗೆ? ಒಂಟೆ ಹಾಲಿನ ಟೀ ಸಿಗುತ್ತದಾ? ಮತ್ತೆ ಬೆಂಗಳೂರಿನಿಂದ ಅವರಿಗೆ ಏನಾದರೂ ಒಯ್ಯಬೇಕು ಅಂತ ಅಮ್ಮ ಹೇಳುತ್ತಿದ್ದಾರೆ. ಏನು ಒಯ್ಯಲಿ?

ಗಾಂಧಿ ಬಜಾರ್ ಹೋಟೆಲಿನವನು:

ಟೀ ಹೋಟೆಲಿನಲ್ಲಿ ಟಾಯ್ಲೆಟ್ ನೆಚ್ಚಿಕೊಳ್ಳಬೇಡಿ. ನನ್ನ ಮಾತು ಕೇಳಿದರೆ ಖುರಿಯಲ್ಲೇ ಒಂದು ರಾತ್ರಿ ಉಳಿಯಿರಿ. ಮಣ್ಣಿನ ಗುಡಿಸಲನ್ನೇ ಕೋಣೆ ಮಾಡಿ ಬಾಡಿಗೆಗೆ ಕೊಡುವ ಮನೆಗಳಿವೆ. ಕಮೋಡ್ ಇದೆಯಾ ಅಂತ ಫೋನಿನಲ್ಲೇ ಕೇಳಿ, ಅಮ್ಮನ ಮಂಡಿಗೆ ಅದು ಮುಖ್ಯ. ಬೆಳಿಗ್ಗೆ ಎದ್ದು ಎಲ್ಲ ಮುಗಿಸಿಕೊಂಡು ಟೀ ಹೋಟೆಲಿಗೆ ಹೊರಟರೆ ನಿರಾಳ. ಹಗ್ಗದ ಮಂಚ ತಗ್ಗಾಗಿರುತ್ತದೆ, ಕೂತರೆ ಏಳುವುದು ಕಷ್ಟ. ಮುಡ್ಡಾ ಕೊಡಿ ಅಂತ ಕೇಳಿ, ಜೊಂಡಿನಿಂದ ಹೆಣೆದ ಎತ್ತರದ ಪೀಠ ತಂದು ಹಾಕುತ್ತಾರೆ. ಒಂಟೆ ಸವಾರಿ ಅಮ್ಮನಿಗೆ ಬೇಡ. ಅದು ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ಕೂತವರು ಒಮ್ಮೆಲೇ ಮುಂದಕ್ಕೆ ವಾಲುತ್ತಾರೆ. ಒಂಟೆ ಗಾಡಿ ಸಿಗುತ್ತದೆ, ಅದರಲ್ಲಿ ಹಾಸಿಗೆ ಹಾಸಿ ಆರಾಮಾಗಿ ಕರೆದುಕೊಂಡು ಹೋಗುತ್ತಾರೆ.

ಒಂಟೆ ಹಾಲಿನ ಟೀ ಹಳ್ಳಿ ಹೋಟೆಲಿನಲ್ಲಿ ದಿನಾ ಇರುತ್ತದೆ ಅಂದುಕೊಳ್ಳಬೇಡಿ. ಒಂಟೆ ಸಾಕುವ ರಾಯ್ಕಾ ಜನ ಹಿಂದೆ ಹಾಲು ಮಾರುತ್ತಲೇ ಇರಲಿಲ್ಲ, ಮಾರುವುದು ತಪ್ಪು ಅಂತ ನಂಬಿದ್ದರು. ಈಗ ಕಾಲ ಬದಲಾಗಿದೆ. ಒಂಟೆಗಳ ಸಂಖ್ಯೆ ಇಳಿಯುತ್ತಿದೆ ಅಂತ 2014ರಲ್ಲಿ ಅದನ್ನು ರಾಜ್ಯ ಪ್ರಾಣಿ ಮಾಡಿದರು. ಹಾಲಿಗೆ ಸರಿಯಾದ ಬೆಲೆ ಸಿಕ್ಕರೆ ಸಾಕುವವರು ಉಳಿಯುತ್ತಾರೆ, ಆದ್ದರಿಂದ ಎಲ್ಲಾದರೂ ಸಿಕ್ಕರೆ ಖಂಡಿತ ಕುಡಿಯಿರಿ. ಸ್ವಲ್ಪ ಉಪ್ಪುಪ್ಪು ರುಚಿ, ತೆಳು. ನಮ್ಮ ಹಾಲಿನ ಹಾಗೆ ಗಟ್ಟಿ ಮೊಸರು ಆಗುವುದಿಲ್ಲ.

ಒಯ್ಯುವುದಕ್ಕೆ ಕಾಫಿ ಪುಡಿ ಒಳ್ಳೆಯದು, ಜೊತೆಗೆ ಒಂದು ಸಣ್ಣ ಸ್ಟೀಲ್ ಫಿಲ್ಟರ್. ನಾವು ಅದನ್ನೇ ಒಯ್ದಿದ್ದೆವು. ಡಿಕಾಕ್ಷನ್‌ಗೆ ಬೇಕಾಗುವುದು ಒಂದು ಲೋಟ ಬಿಸಿ ನೀರು, ಉಳಿದದ್ದೆಲ್ಲ ಹಾಲು. ಹಾಲಿಗೆ ಅಲ್ಲಿ ಕೊರತೆ ಇಲ್ಲ. ಕಾಕಾಸಾ ಡಿಕಾಕ್ಷನ್ ಇಳಿಯುವವರೆಗೆ ಫಿಲ್ಟರ್ ಮುಂದೆಯೇ ಕೂತಿದ್ದರು. ಒಂದು ಗುಟುಕು ಕುಡಿದು, ಸಕ್ಕರೆ ಡಬ್ಬಿ ಎಳೆದುಕೊಂಡು ಇನ್ನೆರಡು ಚಮಚ ಹಾಕಿಕೊಂಡರು. ಆಮೇಲೆ ಸೊಸೆಗೂ ಒಂದು ಲೋಟ ಒಳಗೆ ಕಳಿಸಿದರು.

ಕಾಲು ಕೆಜಿ ಸಾಕು. ಹೊರಡುವ ದಿನವೇ ಬೀಸಿಸಿ, ಗಾಳಿಯಾಡದ ಸ್ಟೀಲ್ ಡಬ್ಬಿಗೆ ಹಾಕಿ. ರೈಲಿನಲ್ಲಿ ಎರಡು ರಾತ್ರಿ ಪ್ಲಾಸ್ಟಿಕ್ ಕವರಿನಲ್ಲಿ ಇದ್ದರೆ ಘಮ ಹೋಗಿಬಿಡುತ್ತದೆ. ಚಿಕೋರಿ ಜಾಸ್ತಿ ಬೇಡ, 80-20 ಹಾಕಿಸಿ. ಫಿಲ್ಟರ್ ಬಳಸುವುದನ್ನು ಅಮ್ಮನೇ ಅಡುಗೆ ಮನೆಯಲ್ಲಿ ಕೂತು ತೋರಿಸಿಕೊಡಲಿ.